ಕಾಕನ ಜೊತೆ ಫೈಫಾ ಬೆಟ್ಟ ಹತ್ತಿದ್ದು

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಯಮನ್ ಗಡಿಯ ಬಳಿಯ ಅರಬ್ ಪಟ್ಟಣ ಜಿಜಾನ್‌ನ ಕಟ್ಟಡ ಕಂಪನಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ನಮ್ಮ ಕ್ಯಾಂಪಿನ ಅಡುಗೆಯವರು ಉಳ್ಳಾಲದ ಬ್ಯಾರಿ, ಐವತ್ತು ದಾಟಿದ ಭಾರೀ ಆಳು. ಎಲ್ಲರ ಬಾಯಲ್ಲೂ ಕಾಕ. ಈದ್ ರಜೆಯಲ್ಲಿ ಫೈಫಾ ಬೆಟ್ಟ ಹತ್ತುತ್ತೇನೆಂದು ಊಟದ ಹೊತ್ತಿಗೆ ಹೇಳಿದೆ. ಎಲ್ಲರಿಗೂ ನಿದ್ದೆ ಬೇಕಿತ್ತು. ಕಾಕ ಮಾತ್ರ ಕೈ ಒರೆಸಿಕೊಂಡು ಬಂದು, ತಾನೂ ಬರುವುದಾಗಿ ಹೇಳಿದರು. ತಮಾಷೆ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಲುಂಗಿ ಬಿಟ್ಟು ಪ್ಯಾಂಟು ತೊಟ್ಟು, ಯಾರದೋ ಕ್ಯಾನ್ವಾಸ್ ಬೂಟು ಹಾಕಿ, ಪರೋಟ ಕಟ್ಟಿಕೊಂಡು ನನಗಿಂತ ಮೊದಲೇ ಗೇಟಿನ ಬಳಿ ನಿಂತಿದ್ದರು.

ಬೆಟ್ಟದ ಕಡೆ ನೆಂಟರ ಮನೆಗೆ ಹೊರಟಿದ್ದ ಕಂಪನಿಯ ಯಮನಿ ಡ್ರೈವರ್ ನಮ್ಮನ್ನು ಜೀಪಿನಲ್ಲಿ ಕರೆದೊಯ್ದ. ರಸ್ತೆ ಮುಗಿದಲ್ಲಿ ಇಳಿಸಿ, ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಅಲ್ಲಿಗೇ ಬರಲು ಹೇಳಿದ. ತಲೆ ಎತ್ತಿದೆ. ಊರು ಬಿಟ್ಟು ಬಂದಾಗಿನಿಂದ ಮರಳು, ಸಿಮೆಂಟು ಬಿಟ್ಟು ಬೇರೇನೂ ಕಂಡಿರದ ಕಣ್ಣಿಗೆ ಮೆಟ್ಟಿಲು ಮೆಟ್ಟಿಲಾಗಿ ಹಸಿರು ಗದ್ದೆ, ನಡುನಡುವೆ ಗುಂಡನೆಯ ಕಲ್ಲಿನ ಮನೆಗಳು, ಎಲ್ಲಕ್ಕೂ ಮೇಲೆ ಮೋಡ. ಓಡುತ್ತಲೇ ಹತ್ತತೊಡಗಿದೆ.

ಅರ್ಧ ದಾರಿಯಲ್ಲಿ ಕಾಕ ಕುಳಿತುಬಿಟ್ಟರು. ಮಂಡಿ ಊದಿತ್ತು. ಇಳಿದುಬಿಡೋಣ ಎಂದೆ.

"ಇಷ್ಟು ಹತ್ತಿ ಇಳಿದ್ರೆ ನಂಗೆ ವರ್ಷ ಇಡೀ ಮಂಡೆಬಿಸಿ ಮಾರಾಯ. ನೀನು ಹೋಗು, ನಾನು ಮೆಲ್ಲ ಬರ್ತೇನೆ."

ಬಿಟ್ಟುಹೋಗಲು ಮನಸ್ಸಿಲ್ಲ, ನಿಲ್ಲಲೂ ಆಗದಷ್ಟು ತವಕ. ಅಷ್ಟರಲ್ಲಿ ಮೇಲಿನ ಜೋಳದ ಗದ್ದೆಯಿಂದ ಒಬ್ಬ ಮುದುಕ ಇಳಿದು ಬಂದ. ಅಲ್ಲಿನ ಗಂಡಸರ ರೂಢಿಯಂತೆ ತಲೆಗೆ ಹೂವಿನ ದಂಡೆ, ಸೊಂಟದಲ್ಲಿ ಬಾಗಿದ ಕಠಾರಿ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಕಾಕನ ಮಂಡಿ ಮುಟ್ಟಿ ನೋಡಿ, ತನ್ನ ಹೆಗಲ ವಸ್ತ್ರದಿಂದ ಬಿಗಿಯಾಗಿ ಕಟ್ಟಿದ. ಕೈಗೆ ತನ್ನ ಊರುಗೋಲು ಕೊಟ್ಟು, "ಯಲ್ಲಾ" ಎಂದು ಮುಂದೆ ನಡೆದ. ಗದ್ದೆಯ ಬದುಗಳ ಮೇಲೆ, ಬಂಡೆಗೆ ಕೆತ್ತಿದ ಮೆಟ್ಟಿಲುಗಳ ಮೇಲೆ ಅವನ ಹಿಂದೆ ನಾವು. ಮೋಡದೊಳಗೆ ಹೊಕ್ಕೆವು. ಮುಂದಿನವರ ಬೆನ್ನಷ್ಟೇ ಕಾಣುತ್ತಿತ್ತು. ಅಂಗಿ ಒದ್ದೆಯಾಯಿತು, ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನಗೆ ಚಳಿಯಾಯಿತು.

ಇದ್ದಕ್ಕಿದ್ದಂತೆ ಬೆಳಕು. ಮುಂದೆ ಹತ್ತಲು ಬೆಟ್ಟವೇ ಉಳಿದಿರಲಿಲ್ಲ. ಮೋಡ ನಮ್ಮ ಕೆಳಗಿತ್ತು, ಆಚೆಗೆ ಯಮನ್‌ನ ಶಿಖರಗಳು. ಮುದುಕ ಬೆರಳು ತೋರಿಸಿ ಒಂದೊಂದರ ಹೆಸರು ಹೇಳಿದ. ನಾನು ಕೈ ಚಾಚಿ ಸುಮ್ಮಸುಮ್ಮನೆ ಕೂಗಿದೆ. ಕಾಕ ಏದುಸಿರು ಬಿಡುತ್ತ ನಕ್ಕರು, ನಗುತ್ತಲೇ ಇದ್ದರು. ಬಳಿಕ ಬಂಡೆಯ ಗುಳಿಯಲ್ಲಿದ್ದ ಮಳೆನೀರಿನಲ್ಲಿ ಕೈಕಾಲು ತೊಳೆದು ಕಾಕ, ಮುದುಕ ಇಬ್ಬರೂ ನಮಾಜು ಮಾಡಿದರು. ಮಂಡಿ ಮಡಚಲಾಗದ ಕಾಕ ಕಲ್ಲಿನ ಮೇಲೆ ಕುಳಿತೇ ತಲೆಬಾಗಿದರು. ಆಮೇಲೆ ಪರೋಟವನ್ನು ಮೂವರೂ ಹಂಚಿ ತಿಂದೆವು.

ಇಳಿಯುವಾಗ ಕಾಕ ಎಷ್ಟೋ ಮೆಟ್ಟಿಲುಗಳನ್ನು ಕುಳಿತೇ ಜಾರಿದರು. ಪ್ಯಾಂಟಿನ ಹಿಂಭಾಗ ಹರಿದೇ ಹೋಯಿತು. ಅವರಿಗೆ ಅದರ ಪರಿವೆಯಿರಲಿಲ್ಲ. ಜೀಪು ಹತ್ತಿದ ಮೇಲೆ ಅವರು ಡ್ರೈವರ್‌ನನ್ನು ಕೇಳಿದ್ದು ಒಂದೇ: ಅಬಹಾ ಊರಿನ ಕಡೆಯ ಬೆಟ್ಟ ಇದಕ್ಕಿಂತಲೂ ಎತ್ತರವಂತೆ, ಹೌದಾ?