ಸೀಮೆಸುಣ್ಣದ ಕಾರು

ಅಳತೆಯಣ್ಣನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಈ ಸಾಲುಗಳನ್ನು ಬರೆಯುತ್ತಿರುವವನು ಒಮ್ಮೆ ನಂಬಿದ್ದುಂಟು. ನಂಬದೆ ಏನು ಮಾಡುವುದು? ಬೀದಿ ಕಡೆಯ ಕಿಟಕಿ ತೆರೆದಿತ್ತು. ಒಳಗೆ ಮನೆಮಂದಿಯೆಲ್ಲ ಸಾಲಾಗಿ ಕುರ್ಚಿ ಹಾಕಿಕೊಂಡು, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವಂತೆ ಒತ್ತಿ ಕೂತು, ಎದುರಿನ ಖಾಲಿ ಗೋಡೆಯನ್ನು ದಿಟ್ಟಿಸುತ್ತಿದ್ದರು. ಒಬ್ಬರ ಬಾಯಲ್ಲೂ ಮಾತಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತು, ಸಮಾಧಾನ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಮುಂದಿನ ಕುರ್ಚಿಯಲ್ಲಿದ್ದ ಮನೆಯಾಕೆ ತಿರುಗಿಯೂ ನೋಡದೆ ಹೇಳಿದಳು: "ಸ್ವಲ್ಪ ತಡೀರಿ, ಇನ್ನೂ ಊರು ದಾಟಿಲ್ಲ."

ಅದು ಕಾರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕಾರು.

ಅಳತೆಯಣ್ಣ ಮರದ ಬೀರು ಮಾಡುವವನು. ಮನೆಯ ಮುಂಭಾಗವೇ ಅವನ ಕಾರ್ಖಾನೆ. ಅಲ್ಲಿಂದ ಹಾರುವ ಮರದ ಪುಡಿ ಅಡುಗೆಮನೆಯ ಡಬ್ಬಿಗಳ ಮುಚ್ಚಳದವರೆಗೂ ಕೂತಿರುತ್ತದೆ. ಕತ್ತಿನಲ್ಲಿ ಅಳತೆಪಟ್ಟಿ, ಕಿವಿಯ ಮೇಲೆ ಪೆನ್ಸಿಲ್. ಯಾರಾದರೂ ಬೀರು ಬೇಕೆಂದು ಬಂದರೆ ಮೊದಲು ಅವರ ಮನೆಗೆ ಹೋಗಿ, ಬೀರು ನಿಲ್ಲುವ ಜಾಗದಲ್ಲಿ ಸೀಮೆಸುಣ್ಣದಿಂದ ಚೌಕ ಎಳೆದು, "ಒಂದು ವಾರ ಇದನ್ನ ತುಳಿಯದೆ ಸುತ್ತಿಬಳಸಿ ಓಡಾಡಿ, ಎಡವಿದರೆ ಹೇಳಿ" ಎಂದು ಬರುತ್ತಾನೆ. ಎಡವುವವರು ಇದ್ದೇ ಇರುತ್ತಾರೆ. ಹಾಗಾಗಿ ಅವನ ಬೀರುಗಳ ಬಗ್ಗೆ ಯಾರೂ ತಕರಾರು ಮಾಡಿದ್ದಿಲ್ಲ, ತಡವಾಗಿ ಬಂತು ಅನ್ನುವುದೊಂದನ್ನು ಬಿಟ್ಟು. ಇಂಥವನು ವಾಹನ ಕೊಳ್ಳುವಾಗ ಅಂಗಡಿಯವನ ಮಾತು ಕೇಳುತ್ತಾನೆಯೇ?

ವಾಹನದ ಮಾತು ಎದ್ದಿದ್ದು ಅತ್ತೆಯಿಂದ, ಅಂದರೆ ಅವನ ಹೆಂಡತಿಯ ತಾಯಿಯಿಂದ. ಅತ್ತೆಯ ಬಲಗಾಲು ಮೊಣಕಾಲಿನಲ್ಲಿ ಮಡಚುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಬಸ್ಸಿನ ಮೆಟ್ಟಿಲು ಅವರ ಪಾಲಿಗೆ ಬೆಟ್ಟ. ಪಕ್ಕದೂರಿನಲ್ಲಿ ಅವರ ತಂಗಿ ಇದ್ದರು. ಆ ತಂಗಿಗೆ ಈಚೆಗೆ ಮರೆವು ಹತ್ತಿತ್ತು. ಪದೇಪದೇ ಕಣ್ಣಿಗೆ ಬೀಳುವವರ ಮುಖ ಮಾತ್ರ ಉಳಿಯುತ್ತದೆ, ಉಳಿದವರದು ಅಳಿಸಿಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಅಳಿಸಿಹೋಗುವವರ ಸಾಲಿನಲ್ಲಿ ತಾನು ಸೇರಬಾರದು ಎಂಬುದೊಂದೇ ಅತ್ತೆಯ ಆಸೆ. ಅದನ್ನವರು ಬಾಯಿಬಿಟ್ಟು ಹೇಳಿದವರಲ್ಲ. ವಾರದ ಕೊನೆ ಬಂತೆಂದರೆ ಒಳ್ಳೆಯ ಸೀರೆ ಉಟ್ಟುಕೊಂಡು ಕಿಟಕಿ ಪಕ್ಕ ಕೂರುತ್ತಿದ್ದರು, ಅಷ್ಟೆ. ಅಳಿಯನಿಗೆ ಅದು ಸಾಕಾಗಿತ್ತು.

ಹಾಗಾದರೆ ವಾರಕ್ಕೊಮ್ಮೆಯಾದರೂ ಹೋಗಿಬರಬೇಕು. ಅಂದರೆ ಪೆಟ್ರೋಲು ಕುಡಿಯದ ಚಿಕ್ಕ ಕಾರು ಬೇಕು. ಆದರೆ ಮನೆಯಲ್ಲಿ ಆರು ಜನ: ಅವನು, ಔಷಧಿ ಸಾಗಿಸುವ ಗಾಡಿ ಓಡಿಸುವ ಕೆಲಸದ ಹೆಂಡತಿ, ಬಿದಿರಿನಂತೆ ಬೆಳೆದ ಇಬ್ಬರು ಹೆಣ್ಣುಮಕ್ಕಳು, ಅತ್ತೆ, ಮತ್ತು ಭಾವ. ಈ ಭಾವ ಹೆಂಡತಿಯ ಅಣ್ಣ. ನೀರು ಸರಬರಾಜು ಕಚೇರಿಯಲ್ಲಿ ಮುಖ್ಯ ಗುಮಾಸ್ತರಾಗಿ ನಿವೃತ್ತರಾದವರು. ಈಗಲೂ ಮಾತು ಶುರುಮಾಡುವ ಮೊದಲು, ಎದುರಿಗೆ ಕಡತವಿದ್ದಂತೆ ಮೇಜನ್ನು ಒಮ್ಮೆ ಸವರುವ ಅಭ್ಯಾಸ. ಮೇಜಿಲ್ಲದಿದ್ದರೆ ತಮ್ಮ ತೊಡೆಯನ್ನೇ ಸವರಿಕೊಳ್ಳುತ್ತಾರೆ. ಭಾವನನ್ನು ಬಿಟ್ಟುಹೋಗೋಣವೆಂದರೆ, ಅತ್ತೆಯ ಆ ತಂಗಿ, ಭಾವನ ಚಿಕ್ಕಮ್ಮ, ಇಂದಿಗೂ ತಡವರಿಸದೆ ಗುರುತಿಸುವುದು ಅವರೊಬ್ಬರನ್ನೇ. ಬಾಗಿಲಲ್ಲಿ ಕಂಡ ಕೂಡಲೇ "ಪುಟ್ಟೂ, ಮೂಗು ಒರೆಸಿಕೋ" ಅನ್ನುತ್ತಾರೆ. ಇಡೀ ಕಚೇರಿಯನ್ನು ನಡುಗಿಸಿದ ಮನುಷ್ಯ ಆಗ ಮರುಮಾತಾಡದೆ ಮೂಗು ಒರೆಸಿಕೊಳ್ಳುತ್ತಾರೆ.

ಭಾವ ದೊಡ್ಡ ಕಾರಿನ ಪಕ್ಷ. ವಾಹನ ಅಂದರೆ ನಾವು ಇಳಿಯುವ ಮೊದಲೇ ನಮ್ಮ ಪರಿಚಯ ಹೇಳುವಂತಿರಬೇಕು ಎಂದು ತೊಡೆ ಸವರಿಕೊಂಡು ವಾದಿಸಿದರು. ಅಳತೆಯಣ್ಣನಿಗೆ ದೊಡ್ಡದರ ಹೊಟ್ಟೆಯ ಚಿಂತೆ. ಅದಕ್ಕೆ ಪೆಟ್ರೋಲು ಹಾಕುತ್ತ ಹೋದರೆ ತಿಂಗಳಿಗೊಂದು ಪ್ರಯಾಣ ದಕ್ಕಿದರೆ ಹೆಚ್ಚು. ಮಿಕ್ಕ ದಿನವೆಲ್ಲ ಅದು ಬೀದಿಯಲ್ಲಿ ನಿಲ್ಲಿಸಿದ ಬೀರು. ಹಾಗಂತ ಚಿಕ್ಕದನ್ನು ತಂದರೆ ಒಬ್ಬರು ಮನೆಯಲ್ಲಿ ಉಳಿಯಬೇಕು. ಉಳಿಯುವವರು ಯಾರು ಎಂಬ ಪ್ರಶ್ನೆ ಏಳುವ ಮುಂಚೆಯೇ ಅತ್ತೆ, "ನನ್ನದೇನು ಬಿಡಿ, ನಾನು ಮನೆ ಕಾಯ್ತೀನಿ" ಅಂದುಬಿಟ್ಟರು. ಪ್ರಯಾಣವಿರುವುದೇ ಅವರಿಗಾಗಿ ಎನ್ನುವುದನ್ನು ಅವರಿಗೆ ನೆನಪಿಸಬೇಕಾಯಿತು.

ಕೊನೆಗೆ ಅಳತೆಯಣ್ಣ ಅಂಗಡಿಗಳಿಗೆ ಹೋಗಿ, ಮಾರುವವರ ಕಣ್ಣೆದುರೇ ಕಾರುಗಳ ಒಳಗೆಲ್ಲ ಪಟ್ಟಿ ಹಿಡಿದು ಅಳೆದುಕೊಂಡು ಬಂದ. ನಡುಮನೆಯಲ್ಲಿ ಒಂದೊಂದು ವಾರ ಒಂದೊಂದು ಕಾರು ಬರೆದ. ಸಂಜೆ ಎಲ್ಲರೂ ಅದರೊಳಗೆ ಕೂರಬೇಕು, ಚಿಕ್ಕಮ್ಮನ ಊರು ತಲುಪುವಷ್ಟು ಹೊತ್ತು ಗೆರೆ ದಾಟಬಾರದು. ಚಿಕ್ಕ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ವರು ಒತ್ತಿ ಕೂತಾಗ, ತನ್ನ ಕೈ ಯಾವುದು ತಂಗಿಯ ಕೈ ಯಾವುದು ಎಂದು ದೊಡ್ಡ ಮಗಳಿಗೆ ತಿಳಿಯದೆ ಹೋಯಿತು. ದೊಡ್ಡ ಕಾರು ಬರೆದ ವಾರ ಭಾವ ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದರು. ಆದರೆ ಚಾಚಿದ ಕಾಲಿನ ಅತ್ತೆಗೆ ಮುಂದಿನ ಸೀಟು, ಉದ್ದ ಕಾಲಿನ ಹುಡುಗಿಯರಿಗೆ ನಡುವಿನದು. ಅಳತೆಯ ಪ್ರಕಾರ ಭಾವನಿಗೆ ಬಂದಿದ್ದು ಕಟ್ಟಕಡೆಯ ಸಾಲು. ಅದಕ್ಕೆ ಸರಿಯಾದ ಎತ್ತರ ಕಾರ್ಖಾನೆಯ ಗಿಡ್ಡ ಮಣೆಯದು. ಅದರ ಮೇಲೆ ಕೂತ ಭಾವನ ಮೊಣಕಾಲು ಕಿವಿಗೆ ಬಂತು.

"ಮಾಮ, ನಿಮ್ಮ ಪರಿಚಯ ಹೇಳ್ತಾ ಇದೆಯಾ ಕಾರು?" ಎಂದು ಚಿಕ್ಕ ಮಗಳು ಹಿಂದಿರುಗಿ ಕೇಳಿದಳು. ಭಾವ ಸವರಿಕೊಳ್ಳಲು ತಮ್ಮ ತೊಡೆ ಎಲ್ಲಿದೆಯೆಂದು ಹುಡುಕುತ್ತಿದ್ದರು.

ಹೀಗೆ ಬರೆದು ಒರೆಸಿ, ಒರೆಸಿ ಬರೆದು, ಕೊನೆಗೆ ಒಂದು ಮಧ್ಯಮ ಕಾರನ್ನು ಅಳತೆಯಣ್ಣ ಮೆಚ್ಚಿದ. ಪೆಟ್ರೋಲೂ ಪರವಾಗಿಲ್ಲ, ಆರು ಜನಕ್ಕೆ ಜಾಗವೂ ಇದೆ. ಮುಂಗಡ ಕೊಡಲು ಅಂಗಿ ಹಾಕಿಕೊಂಡು ಹೊರಟವನನ್ನು ಅತ್ತೆ ಕರೆದು ಎದುರಿಗೆ ಕೂರಿಸಿಕೊಂಡರು.

"ಅಳಿಯಂದಿರೇ, ನಾನು ಈ ಕುರ್ಚೀಲಿ ಹೆಂಗೆ ಕೂತೆ?"

"ನಡ್ಕೊಂಡು ಬಂದು ಕೂತ್ರಿ."

"ಗೆರೆ ಮೇಲೆ ಕಾಲಿಟ್ಟು ನಡ್ಕೊಂಡು ಬಂದೆ. ಅಲ್ಲಿ ಗೆರೆ ಇರೋದಿಲ್ಲವಲ್ಲ, ತಗಡು ಇರತ್ತೆ. ಈ ಕೋಲಿನಂಥಾ ಕಾಲನ್ನ ಎಲ್ಲಿಂದ ತೂರಿಸ್ತೀರಿ?"

ಅಳತೆಯಣ್ಣ ಕೂತಲ್ಲಿಂದಲೇ ನೆಲದ ಗೆರೆಗಳನ್ನು ಇನ್ನೊಮ್ಮೆ ನೋಡಿದ. ಬಾಗಿಲು! ತಲೆಯ ಎತ್ತರ, ಭುಜದ ಅಗಲ, ಮಂಡಿಯ ಜಾಗ ಎಲ್ಲವನ್ನೂ ಬರೆದವನು ಬಾಗಿಲನ್ನೇ ಬರೆದಿರಲಿಲ್ಲ. ಬೀರು ಮಾಡುವವನಿಗೆ ಬಾಗಿಲು ಅಂದರೆ ಕೈ ಹಾಕಿ ಬಟ್ಟೆ ತೆಗೆಯುವ ಜಾಗ. ಒಳಗೆ ಮನುಷ್ಯರು ಹೋಗಿ ಕೂರುವ ಬೀರನ್ನು ಅವನು ಮಾಡಿದವನೇ ಅಲ್ಲ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಬಂದ ಸದ್ದು ಕೆಮ್ಮಿನದಂತೂ ಅಲ್ಲ.

ಮಾರನೆಯ ದಿನ ಅತ್ತೆಯನ್ನೇ ಬಾಡಿಗೆ ಆಟೋದಲ್ಲಿ, ಕಾಲು ಹೊರಗೇ ಚಾಚಿಸಿ, ಹೇಗೋ ಕೂರಿಸಿಕೊಂಡು ಅಂಗಡಿಗೆ ಹೋದರು. ಅವನು ಮೆಚ್ಚಿದ ಕಾರಿನಲ್ಲಿ ಅತ್ತೆ ಒಳಗೆ ಕೂತರು, ಕಾಲು ಹೊರಗೇ ಉಳಿಯಿತು. ದೊಡ್ಡ ಕಾರಿನಲ್ಲಿ ಕಾಲು ಒಳಗೆ ಹೋಗುವಂತಿತ್ತು, ಅಷ್ಟೆತ್ತರಕ್ಕೆ ಅತ್ತೆಯೇ ಹೋಗಲಿಲ್ಲ. ಮಾರುವ ಹುಡುಗಿ ಕಾರಿನೊಳಗಿನ ಹಾಡಿನ ಪೆಟ್ಟಿಗೆಯ ಗುಣಗಾನ ಮಾಡುತ್ತಿದ್ದಳು. ಅತ್ತೆ ಬೆವರು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಮನೆಗೆ ಹೋಗೋಣ ಅಂದರು. ಅವತ್ತು ರಾತ್ರಿ ಅಳಿಯ ಕತ್ತಿನಿಂದ ಪಟ್ಟಿ ತೆಗೆದು ಮೊಳೆಗೆ ನೇತುಹಾಕಿದ. ಮದುವೆಯ ದಿನವೂ ಅವನು ಅದನ್ನು ಜೇಬಿನಲ್ಲಿಟ್ಟುಕೊಂಡಿದ್ದನಂತೆ.

ದಾರಿ ತೋರಿಸಿದವಳು ಹೆಂಡತಿ. ಅವಳು ಔಷಧಿ ಇಳಿಸುವ ಬೀದಿಯಲ್ಲಿ ಒಂದು ಬ್ರೆಡ್ಡಿನ ಅಂಗಡಿ. ಅವರ ಹಳೆಯ ವ್ಯಾನು ಮಾರಾಟಕ್ಕಿತ್ತು. ಚಪ್ಪಟೆ ಮೂಗು, ಡಬ್ಬದಂಥ ಮೈ. ಆದರೆ ಪಕ್ಕದ ಬಾಗಿಲು ಗೋಡೆಯಷ್ಟಗಲ ಸರಿಯುತ್ತದೆ, ನೆಲ ಮೊಣಕಾಲಿಗಿಂತ ಕೆಳಗೆ, ಸಣ್ಣ ಎಂಜಿನ್ನು ಕುಡಿಯುವುದು ಗುಬ್ಬಿಯಷ್ಟು. ಅದನ್ನೇ ಕೊಂಡರು. ಹಿಂದೆ ಸೀಟು ಹಾಕಿಸಿಕೊಳ್ಳಲು ಕಾಗದಪತ್ರದ ಒಪ್ಪಿಗೆಯನ್ನು ಭಾವ ಗೊಣಗುತ್ತಲೇ ಓಡಾಡಿ ತಂದರು. ಯಾವ ಕಚೇರಿಯಲ್ಲಿ ಯಾರೆದುರು ಗಂಟಲು ಸರಿಮಾಡಬೇಕೆಂದು ಅವರಿಗೆ ಗೊತ್ತು. ದೋಷ ಒಂದೇ: ದಿಬ್ಬ ಕಂಡರೆ ವ್ಯಾನು ಮುದುಕನಂತೆ ಏದುಸಿರು ಬಿಡುತ್ತದೆ, ಸೈಕಲ್ಲಿನವರು ಟಾಟಾ ಮಾಡಿ ಮುಂದೆ ಹೋಗುತ್ತಾರೆ. ಅತ್ತೆ ಮೊದಲು ತಾವು ಕೂತು, ಆಮೇಲೆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮಗುವಿನಂತೆ ಪಕ್ಕದಲ್ಲಿ ಮಲಗಿಸಿಕೊಂಡರು. ಬಾಗಿಲು ಸರಿದು ಮುಚ್ಚಿತು. ಯಾರಿಗೂ ಏನೂ ತಾಗಲಿಲ್ಲ.

ಆ ಭಾನುವಾರ ಆರೂ ಜನ ಬ್ರೆಡ್ಡಿನ ವಾಸನೆಯಲ್ಲಿ ತೇಲುತ್ತ ಚಿಕ್ಕಮ್ಮನ ಮನೆ ತಲುಪಿದರು. ಗೇಟಿನಲ್ಲಿ ಚಿಕ್ಕಮ್ಮನ ಅಳಿಯ ತನ್ನ ದೊಡ್ಡ ಕಾರನ್ನು ಒರೆಸುತ್ತ ನಿಂತಿದ್ದ. ವ್ಯಾನಿನ ಮೈಮೇಲೆ ಇನ್ನೂ ಅಳಿಸದ ಬ್ರೆಡ್ಡಿನ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದ. ಒಳಗೆ, ಜಗಲಿಯ ಕುರ್ಚಿಯಲ್ಲಿ ಚಿಕ್ಕಮ್ಮ ಕತ್ತು ಉದ್ದ ಮಾಡಿ, ಬಂದವರು ಯಾರೆಂದು ಹುಡುಕುತ್ತಿದ್ದರು. ಕಾರು ಒರೆಸುತ್ತಿದ್ದ ಆ ಅಳಿಯ ದಾರಿಗಡ್ಡ ನಿಂತೇ ಕೇಳಿದ:

"ಏನಣ್ಣಾ, ಅಷ್ಟೆಲ್ಲ ಅಳೆದೂ ಸುರಿದೂ ತಂದಿದ್ದು ಇದಾ? ಇದನ್ನ ಕಾರು ಅಂತಾರಾ?"

ಅಳತೆಯಣ್ಣ ಬಾಗಿಲು ಸರಿಸಿ ಅತ್ತೆಗೆ ಕೈಕೊಟ್ಟ.

"ಇಲ್ಲ. ಅತ್ತೆ ಬಂದಿದಾರೆ, ಪಕ್ಕಕ್ಕೆ ಸರಿ."