ದೇವರ ಹಸು, ಟೊಮೇಟೊ ಲಾರಿ ಮತ್ತು ನನ್ನ ವಿಮರ್ಶೆ

ನನಗೆ ಯಾವುದೂ ಅಷ್ಟು ಸುಲಭಕ್ಕೆ ಹಿಡಿಸುವುದಿಲ್ಲ. ಮದುವೆಮನೆಯ ಸಾಂಬಾರಿನಿಂದ ಹಿಡಿದು ಸರ್ಕಾರಿ ಬಸ್ಸಿನ ಕಿಟಕಿಯವರೆಗೆ, ಪ್ರತಿಯೊಂದರ ಕೊರತೆಯೂ ನನ್ನ ಕಣ್ಣಿಗೇ ಮೊದಲು ಬೀಳುತ್ತದೆ. ತಮಿಳುನಾಡಿನ ಚಿನ್ನಮನೂರಿನಲ್ಲಿ ನನ್ನದೊಂದು ಹನಿ ನೀರಾವರಿ ಪೈಪಿನ ಅಂಗಡಿ ಇದೆ. ದ್ರಾಕ್ಷಿ ತೋಟದವರು, ಬಾಳೆ ತೋಟದವರು ಪೈಪು ಕೊಳ್ಳಲು ಬರುತ್ತಾರೆ. ಬಂದವರು ತಮ್ಮ ತೋಟದ ಬಗ್ಗೆ ನನ್ನ ಅಭಿಪ್ರಾಯವನ್ನೂ ಕೇಳಿಸಿಕೊಂಡೇ ಹೋಗಬೇಕು. ಅದಕ್ಕೆ ನಾನು ಬೇರೆ ಕಾಸು ಕೇಳುವುದಿಲ್ಲ.

ಇದೇ ಗುಣವನ್ನು ಒಂದು ಕೆಲಸಕ್ಕೆ ಹಚ್ಚೋಣವೆಂದು ಕರ್ನಾಟಕದ ಸಣ್ಣ ಜಾಲಪತ್ರಿಕೆಯೊಂದಕ್ಕೆ ವಿಡಿಯೋ ಗೇಮು, ಕಿರುಚಿತ್ರಗಳ ವಿಮರ್ಶೆ ಬರೆಯುತ್ತೇನೆ. ನಮ್ಮವರು ಕನ್ನಡ ನಾಡಿನಿಂದ ಇಲ್ಲಿನ ಕಣಿವೆಗೆ ದನ ಹೊಡೆದುಕೊಂಡು ಬಂದು ಎಷ್ಟು ತಲೆಮಾರಾಯಿತೋ ಗೊತ್ತಿಲ್ಲ. ಮನೆಯಲ್ಲಿ ಆಡುವುದು ಕನ್ನಡ, ಓದುವುದು ಬರೆಯುವುದು ತಮಿಳು, ಕೋಪ ಬಂದರೆ ಎರಡೂ. ಹರೆಯದಲ್ಲಿ ಬೀಜದ ಕಂಪನಿಯ ಚೀಲ ಹೊತ್ತು ಚಾಮರಾಜನಗರದ ಕಡೆ ತಿರುಗಿದಾಗ ನಾನು ಅಂಗಡಿ ಬೋರ್ಡುಗಳನ್ನು ನೋಡಿ ಅಕ್ಷರ ಕಲಿತೆ, ಆಮೇಲೆ ಪುಸ್ತಕ ಹಿಡಿದೆ. ಹೀಗಾಗಿ ನಮ್ಮ ನೆಂಟರಿಷ್ಟರಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ. ನಾನು ಬರೆದದ್ದನ್ನು ಓದಬಲ್ಲವರು ಅವರಲ್ಲಿ ಯಾರೂ ಇಲ್ಲವಾದ್ದರಿಂದ ನನ್ನ ಪಾಂಡಿತ್ಯಕ್ಕೆ ಯಾವ ಅಪಾಯವೂ ಇರಲಿಲ್ಲ.

ಹೀಗಿರುವಾಗ ಒಡ್ಡನ್‌ಛತ್ರದಿಂದ ಭಾವನ ಫೋನು ಬಂತು. ಭಾವ ಎಂದರೆ ನನ್ನ ಅಕ್ಕನ ಗಂಡ, ಅಲ್ಲಿ ತರಕಾರಿ ಮಂಡಿ ಇಟ್ಟಿರುವವನು. ಅವನ ಮಗಳು ದಿಂಡಿಗಲ್ಲಿನಲ್ಲಿ ಓದು ಮುಗಿಸಿ, ಸ್ನೇಹಿತರನ್ನು ಕಟ್ಟಿಕೊಂಡು ಒಂದು ಕಿರುಚಿತ್ರ ಮಾಡಿದ್ದಳು. ಇನ್ನು ಮುಂದೆಯೂ ಅದನ್ನೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು. ಭಾವ ವೇದಸಂದೂರಿನ ಒಂದು ನೂಲಿನ ಗಿರಣಿಯ ಆಫೀಸಿನಲ್ಲಿ ಅವಳಿಗೆ ಕೆಲಸ ಮಾತಾಡಿ ಇಟ್ಟಿದ್ದ.

"ಮಚ್ಚಾ, ಪಡ ನನಗೆ ಅರ್ಥ ಆಗಾಕಿಲ್ಲೆ. ಮಾಮ ನೀನು. ನೋಡಿ ಬಂದು ಯೋಳು. ಆಗ್ತದೆ ಅಂದ್ರೆ ಪಡ ಮಾಡ್ಲಿ. ಆಗಾದು ಅಂದ್ರೆ ಗಿರಣಿಗೆ ಓಗ್ಲಿ" ಎಂದ. ಪಡ ಎಂದರೆ ನಮ್ಮ ಕಡೆ ಸಿನಿಮಾ, ಮಚ್ಚಾ ಎಂದರೆ ಹೆಂಡತಿಯ ತಮ್ಮ.

ನಮ್ಮಲ್ಲಿ ಹೆಣ್ಣುಮಗುವಿಗೆ ತಾಯಿಯ ತಮ್ಮನೆಂದರೆ ಸುಮ್ಮನೆ ಅಲ್ಲ. ಕಿವಿ ಚುಚ್ಚುವಾಗ ನಮ್ಮ ತೊಡೆ ಬೇಕು, ಮೈನೆರೆದಾಗ ಮೊದಲ ಸೀರೆ ನಮ್ಮದು, ಮದುವೆ ಮಾತಿಗೆ ನಮ್ಮ ತಲೆ ಅಲ್ಲಾಡಬೇಕು. ಕಿರುಚಿತ್ರಕ್ಕೂ ಮಾಮನ ಮಾತು ಬೇಕೆಂದು ಹಿರಿಯರು ಯಾರೂ ಹೇಳಿ ಹೋಗಿಲ್ಲ. ಆದರೂ ಭಾವ ಅದನ್ನು ಸೇರಿಸಿದ, ನಾನು ಮನಸ್ಸಿನಲ್ಲೇ ಹಿಗ್ಗಿ ಒಪ್ಪಿಕೊಂಡೆ.

ಆ ದಿನಗಳಲ್ಲಿ ನಾನು ಒಂದು ಗೇಮಿನ ಜೊತೆ ಜಗಳದಲ್ಲಿದ್ದೆ. ಟೊಮೇಟೊ ಕ್ರೇಟುಗಳನ್ನು ತುಂಬಿದ ಲಾರಿಯನ್ನು ಘಾಟಿ ರಸ್ತೆಯಲ್ಲಿ ಮೇಲಕ್ಕೆ ಮುಟ್ಟಿಸಬೇಕು, ಆಟ ಅಷ್ಟೇ. ಒಂದೇ ಒಂದು ಕ್ರೇಟು ಕೆಳಗೆ ಬಿದ್ದರೂ ಲಾರಿ ಮತ್ತೆ ಬೆಟ್ಟದ ಬುಡಕ್ಕೆ. ಮಧ್ಯದಲ್ಲಿ ಎಲ್ಲಿಯೂ ನಿಲ್ಲಿಸಿ, ಇಲ್ಲಿಂದ ನಾಳೆ ಹೊರಡೋಣ ಎನ್ನುವಂತಿಲ್ಲ. ತಿರುವು ಬಂದಾಗಲೆಲ್ಲ ಕ್ಯಾಮೆರಾ ಬಂಡೆಯ ಹಿಂದೆ ಹೋಗಿ ನಿಲ್ಲುತ್ತದೆ, ನಮಗೆ ಕಾಣುವುದು ಬಂಡೆ ಮಾತ್ರ. ಬ್ರೇಕಿನ ಗುಂಡಿಯ ಪಕ್ಕದಲ್ಲೇ ಹಾರ್ನಿನ ಗುಂಡಿ. ಅವಸರದಲ್ಲಿ ನಾನು ಎಷ್ಟೋ ಸಲ ಹಾರ್ನು ಬಾರಿಸುತ್ತಲೇ ಪ್ರಪಾತಕ್ಕೆ ಹೋಗಿದ್ದೇನೆ. ಎಲ್ಲ ದಾಟಿ ಇನ್ನೇನು ಮುಗಿಯಿತು ಅನ್ನುವಾಗ ಒಂದು ಮೇಕೆ ರಸ್ತೆಯ ನಡುವೆ ಬಂದು ನಿಲ್ಲುತ್ತದೆ. ಅದು ಯಾಕೆ ಬರುತ್ತದೆ, ಯಾವಾಗ ಹೋಗುತ್ತದೆ ಎನ್ನುವುದಕ್ಕೆ ನಿಯಮವಿಲ್ಲ. ಕುಮಳಿ ಘಾಟಿಯಲ್ಲಿ ನಿಜವಾದ ಲಾರಿ ಓಡಿಸುವವರಿಗೂ ಇಷ್ಟು ಕಷ್ಟ ಇಲ್ಲ, ಅವರಿಗೆ ಕನಿಷ್ಠ ಟೀ ಅಂಗಡಿ ಸಿಗುತ್ತದೆ.

ಇದನ್ನು ಮಾಡಿದವರಿಗೆ ಆಟಗಾರನ ಮೇಲೆ ಹಳೆಯ ದ್ವೇಷವಿದೆ ಎಂದು ಬರೆದೆ. ಕಷ್ಟ ಬೇರೆ, ಅನ್ಯಾಯ ಬೇರೆ, ಇವರಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ ಎಂದು ಬರೆದೆ. ಪತ್ರಿಕೆಗೆ ಕಳಿಸಿ, ಗೇಮನ್ನು ಕಂಪ್ಯೂಟರಿನಿಂದ ಅಳಿಸಿದೆ. ಮರುದಿನ ಮತ್ತೆ ಹಾಕಿಕೊಂಡೆ. ಗಿರಾಕಿ ಕೌಂಟರಿನ ಮುಂದೆ ನಿಂತು ಅರ್ಧ ಇಂಚಿನ ಪೈಪು ಕೇಳುತ್ತಿದ್ದರೆ ನಾನು ಮೇಕೆಗೆ ಬೈಯುತ್ತಿದ್ದೆ. ಒಮ್ಮೆ ಭಾವ ಪಕ್ಕದ ಕಂಬಂ ಊರಿನ ಕಡೆ ಬಂದವನು ಅಂಗಡಿಗೆ ನುಗ್ಗಿ, ನನ್ನನ್ನು ಆ ಸ್ಥಿತಿಯಲ್ಲಿ ಕಂಡು, ಟೀ ಕುಡಿಯದೆ ಹೊರಟುಹೋದ.

ಕಿರುಚಿತ್ರವನ್ನು ಅದೇ ಕಂಪ್ಯೂಟರಿನಲ್ಲಿ ನೋಡಿದೆ. ಕಥೆ ಇಷ್ಟು: ಒಬ್ಬ ಮುದುಕಿ, ಅವಳ ಮನೆಯಲ್ಲಿ ದೇವರಿಗೆಂದು ಬಿಟ್ಟ ಒಂದು ಹಸು. ಹಸು ಒಂದು ಬೆಳಿಗ್ಗೆ ತಪ್ಪಿಸಿಕೊಂಡು ತರಕಾರಿ ಮಾರುಕಟ್ಟೆಗೆ ನುಗ್ಗುತ್ತದೆ, ಮುದುಕಿ ಲಾರಿಗಳ ನಡುವೆ ದಿನವಿಡೀ ಅದನ್ನು ಹುಡುಕುತ್ತಾಳೆ. ಮುದುಕಿಯ ಪಾತ್ರ ಮಾಡಿದ್ದು ನನ್ನ ಅವ್ವ. ಅವ್ವ ಇರುವುದು ಅಕ್ಕನ ಮನೆಯಲ್ಲಿ, ಮೊಮ್ಮಗಳು ಬಾ ಎಂದರೆ ಬೆಂಕಿಗೂ ಹೋಗುತ್ತಾಳೆ.

ಕಥೆ ಕೆಟ್ಟದ್ದಲ್ಲ. ಆದರೆ ತಪ್ಪುಗಳು ಮೊದಲ ದೃಶ್ಯದಿಂದಲೇ ಸಾಲಾಗಿ ಬಂದು ನನ್ನ ಮುಂದೆ ಕೂತವು. ಮನೆಯಿಂದ ಹೊರಟ ಹಸುವಿನ ಹಣೆಯಲ್ಲಿ ಬಿಳಿ ಚುಕ್ಕೆ ಇತ್ತು, ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಹೋಗಿತ್ತು. ಅವ್ವನ ನೆರಳು ಒಂದು ಸಲ ಎಡಕ್ಕೆ, ಮರುಕ್ಷಣ ಬಲಕ್ಕೆ. ಸೂರ್ಯನಿಗೆ ಯಾರೂ ಕಥೆ ಹೇಳಿರಲಿಲ್ಲ. ನುಗ್ಗೆಕಾಯಿ ಕಟ್ಟು ಇಳಿಸುವ ಆಳಿನ ಹಿಂದೆ ಪಿಟೀಲು ಅಳುತ್ತಿತ್ತು, ಆ ಮನುಷ್ಯ ಮಾತ್ರ ಬೀಡಿ ಸೇದುತ್ತ ಸುಖವಾಗಿದ್ದ. ಮೇಲೆ ಹಾರುವ ಕ್ಯಾಮೆರಾ ಬಾಡಿಗೆಗೆ ತಂದಿದ್ದರೆಂದು ಕಾಣುತ್ತದೆ, ಬಾಡಿಗೆ ಮುಗಿಯುವ ತನಕ ಹಾರಿಸಿದ್ದರು. ಇವೆಲ್ಲ ಹೋಗಲಿ. ಒಂದು ದೃಶ್ಯದಲ್ಲಿ ಆ ಹಸುವಿನ ಹಾಲು ಕರೆದು ಹಿತ್ತಾಳೆ ಚೊಂಬು ತುಂಬಿಸುತ್ತಾರೆ. ನಮ್ಮವರಲ್ಲಿ ದೇವರಿಗೆ ಬಿಟ್ಟ ಹಸುವಿನ ಕೆಚ್ಚಲಿಗೆ ಕೈ ಹಾಕುವವರಿಲ್ಲ, ಆ ಹಾಲೆಲ್ಲ ಕರುವಿನದು. ಇದನ್ನು ನಮ್ಮ ಮನೆಯಲ್ಲೇ ಬೆಳೆದ ಹುಡುಗಿ ತೆಗೆದಿದ್ದಾಳೆ. ನಾನು ಕುರ್ಚಿಯಿಂದ ಎದ್ದು, ಅಂಗಡಿಯಲ್ಲಿ ಒಂದು ಸುತ್ತು ತಿರುಗಿ ಬಂದು ಕೂತೆ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವ್ವನ ತುಟಿ ಆಡುತ್ತಿದ್ದದ್ದು ನಮ್ಮ ಮನೆಯ ಮಾತು, ಕೇಳಿಸುತ್ತಿದ್ದದ್ದು ಟಿವಿ ಧಾರಾವಾಹಿಯ ಕನ್ನಡ. ಯಾವಳೋ ಹೆಂಗಸು ಸ್ಟುಡಿಯೋದಲ್ಲಿ ಕೂತು, ಗಂಟಲಿಗೆ ಜೇನು ಸವರಿಕೊಂಡು, 'ಎಲ್ಲಿಗೆ ಹೋದೆ ನನ್ನ ಕಂದಾ' ಎನ್ನುತ್ತಿದ್ದಳು. ನನ್ನ ಅವ್ವ ಜೀವಮಾನದಲ್ಲಿ ಯಾವ ಹಸುವನ್ನೂ ಹಾಗೆ ಕರೆದವಳಲ್ಲ. ಅವ್ವನ ಮುಖದಿಂದ ಬೇರೆಯವರ ಧ್ವನಿ ಬರುವುದನ್ನು ನೋಡಿ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು.

ಆ ಸಂಜೆಯೇ ಅಕ್ಕ ಫೋನು ಮಾಡಿದಳು. "ತಂಬಿ, ನಿನ್ನ ಗುಣ ನನಗೆ ಗೊತ್ತು. ಬಂದಾಗ ಒಂದೇ ಮಾತು ಯೋಳು, ಚೆನ್ನಾಗದೆ ಅಂತ. ಅದರ ಮೇಲೆ ಒಂದಕ್ಷರ ಬೇಡ. ಕೂಸು ಮೂರು ದಿನದಿಂದ ಸೆರಿಯಾಗಿ ತಿಂದಿಲ್ಲೆ."

ಮಂಡಿಗೆ ರಜೆ ಇದ್ದ ದಿನ ಮಧ್ಯಾಹ್ನದ ಊಟಕ್ಕೆ ಹೋದೆ. ಬಸ್ಸಿನಲ್ಲಿ ಕೂತು ಆ ಒಂದೇ ಮಾತನ್ನು ಅಭ್ಯಾಸ ಮಾಡಿಕೊಂಡೆ. ನನ್ನಂಥವನಿಗೆ ಅದು ಸಣ್ಣ ತ್ಯಾಗವಲ್ಲ. ನಡುಮನೆಯಲ್ಲಿ ಎಲೆ ಹಾಕಿದ್ದರು. ಭಾವ ನನ್ನ ಎದುರಿಗೆ, ಅವ್ವ ಗೋಡೆಗೆ ಒರಗಿ, ಅಕ್ಕ ಬಡಿಸುತ್ತ. ಹುಡುಗಿ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಅನ್ನಕ್ಕೆ ರಸ ಬಿದ್ದಾಗ ಭಾವ ಕೇಳಿದ. "ಎಂಗದೆ ಪಡ?"

"ಚೆನ್ನಾಗಿದೆ" ಎಂದೆ.

ಅಕ್ಕನ ಮುಖ ಅರಳಿತು. ಭಾವ ಸ್ವಲ್ಪ ಹೊತ್ತು ಅನ್ನ ಕಲಸಿದ. ಆಮೇಲೆ, "ಸೆರಿ. ಅಂಗಾದ್ರೆ ಸೋಮವಾರ ಗಿರಣಿಗೆ ಓಗ್ಲಿ" ಎಂದ.

ನನಗೆ ಅರ್ಥವಾಗಲಿಲ್ಲ. ಚೆನ್ನಾಗಿದೆ ಎಂದೆನಲ್ಲ ಭಾವ, ಎಂದೆ.

"ಮಚ್ಚಾ, ನಾನು ಇಷ್ಟು ವರ್ಸ ಮಂಡೀಲಿ ಕೂತಿದೀನಿ. ಸರಕು ನೋಡಿ ಚೆನ್ನಾಗದೆ ಅಂದೋನು ಯಾರೂ ಕಾಸು ಕೊಟ್ಟು ಎತ್ತಿದ್ದಿಲ್ಲೆ. ಚೆನ್ನಾಗದೆ ಅಂತಾನೆ, ಕೈ ಒರೆಸ್ಕೊಂಡು ಪಕ್ಕದ ಮಂಡಿಗೆ ಓಗ್ತಾನೆ. ಎತ್ತೋನು ನುಗ್ಗೆಕಾಯಿ ಮುರಿದು ನೋಡ್ತಾನೆ, ಬಗ್ಗಿಸ್ತಾನೆ, ಬೈತಾನೆ. ಬೈದಷ್ಟೂ ಅವನಿಗೆ ಬೇಕು ಅಂತ ನಾವು ತಿಳ್ಕೋತೀವಿ. ಆ ಲಾರಿ ಆಟಕ್ಕೆ ನೀನು ಎಷ್ಟು ಬೈತಿದ್ದೆ, ಬಿಟ್ಟಿದೀಯಾ? ನನ್ನ ಮಗಳ ಪಡಕ್ಕೆ ಬೈಯೋಕೆ ನಿನಗೆ ಒಂದು ಮಾತೂ ಸಿಗಲಿಲ್ಲೆ. ಪರವಾಇಲ್ಲೆ, ನನಗೆ ತಿಳೀತು."

ಬಾಗಿಲಲ್ಲಿ ನಿಂತ ಹುಡುಗಿಯ ಕಣ್ಣು ತುಂಬಿತ್ತು. ನನ್ನನ್ನು ಹಿಡಿದು ನಿಲ್ಲಿಸುವವರು ಇನ್ನು ಯಾರೂ ಇರಲಿಲ್ಲ. ನಾನು ಶುರು ಮಾಡಿದೆ. ಹಣೆಯ ಚುಕ್ಕೆ, ಎಡಬಲ ಓಡಾಡುವ ನೆರಳು, ಬೀಡಿಯವನ ಹಿಂದಿನ ಪಿಟೀಲು, ಆಕಾಶದಿಂದ ಇಳಿಯಲು ಮರೆತ ಕ್ಯಾಮೆರಾ. ಹಾಲಿನ ಚೊಂಬಿನ ವಿಷಯಕ್ಕೆ ಬಂದಾಗ ಅಕ್ಕ ಸೌಟು ಕೆಳಗಿಟ್ಟಳು. ಭಾವನ ಮುಖ ಮಾತ್ರ ಒಂದೊಂದು ತಪ್ಪಿಗೂ ಬೆಳಗುತ್ತ ಬಂತು. "ಇನ್ನೂ ಯೋಳು, ಇನ್ನೂ ಯೋಳು" ಎಂದು ಮಜ್ಜಿಗೆ ಹಾಕಿಸಿಕೊಂಡ. ಹುಡುಗಿ ಕಣ್ಣು ಒರೆಸಿಕೊಂಡು, ಚುಕ್ಕೆ ಇದ್ದ ಹಸು ಶೂಟಿಂಗಿನ ಎರಡನೆಯ ದಿನ ಈದುಬಿಟ್ಟಿತು, ಬೇರೆ ಹಸು ತರಬೇಕಾಯಿತೆಂದು ಜಗಳಕ್ಕೆ ನಿಂತಳು. ನನಗೂ ಹುರುಪು ಬಂತು. ಜೀವನದಲ್ಲಿ ಮೊದಲ ಸಲ ನನ್ನ ವಿಮರ್ಶೆಯನ್ನು ಮನೆಯವರು ಕೇಳುತ್ತಿದ್ದರು.

ಹುರುಪಿನಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಅವ್ವನ ಧ್ವನಿಯ ವಿಷಯ ಬಂದಾಗ ನನ್ನ ಸ್ವರವೇ ಬದಲಾಯಿತು. "ಇವೆಲ್ಲ ಕಲಿಯದವರ ತಪ್ಪು, ಕಲಿತರೆ ಹೋಗುತ್ತವೆ. ಆದರೆ ನಮ್ಮವ್ವನ ಬಾಯಿಗೆ ಬೇರೆಯವಳ ಮಾತು ತುರುಕಿದ್ದೀಯಲ್ಲ, ಅದು ಹೋಗುವ ತಪ್ಪಲ್ಲ. ಸ್ವಂತ ಅಜ್ಜಿಯ ಮಾತಿಗೆ ನಾಚಿಕೊಳ್ಳುವವಳು ಕ್ಯಾಮೆರಾ ಮುಟ್ಟಲೇಬಾರದು" ಎಂದುಬಿಟ್ಟೆ.

ಮಂಡಿಯಲ್ಲಿ ಸರಕು ಎತ್ತುವವನು ಬೈಯುವ ಬೈಗುಳಕ್ಕೂ ಇದಕ್ಕೂ ವ್ಯತ್ಯಾಸ ಭಾವನಿಗೆ ಗೊತ್ತಾಗದೆ ಇರುತ್ತದೆಯೇ. ಅವನು ಎಲೆ ಮಡಿಸಿ, "ಸೆರಿ, ಗಿರಣಿಯೇ ಸೆರಿ" ಎಂದ. ಹುಡುಗಿ ಉತ್ತರ ಹೇಳಲು ಬಾಯಿ ತೆರೆದಳು, ಅಜ್ಜಿಯ ಕಡೆ ಒಮ್ಮೆ ನೋಡಿ ಮುಚ್ಚಿಕೊಂಡಳು.

ಮಾತಾಡಿದ್ದು ಅವ್ವ. "ಕೂಸನ್ನ ಅನ್ನಬೇಡಪ್ಪ. ಅವಳು ಬೇಡ ಬೇಡ ಅಂದ್ಲು. ನಾನೇ ನನ್ನ ಮಾತು ತೆಗೆಸಿದ್ದು, ತೆಗೀದಿದ್ರೆ ಉಣ್ಣಾಕಿಲ್ಲ ಅಂತ ಕೂತಿದ್ದೆ."

"ಯಾಕವ್ವ?" ಎಂದೆ.

"ನೀ ನೋಡ್ತೀಯ ಅಂದ್ರು. ನೀ ಬುಕ್ಕು ಕನ್ನಡ ಬರಿಯೋನು. ನಾ ಆಡೋದು ದನ ಮೇಸೋರ ಮಾತು. ಅದಕ್ಕೂ ನೀ ಒಂದು ಕೊರೆ ಯೋಳ್ತೀಯ, ನನ್ನಿಂದ ಕೂಸಿನ ಪಡ ಕೆಡ್ತದೆ ಅಂತ ಎದರಿಕೆ ಆಯ್ತು."

ಅವ್ವ ತಪ್ಪು ಹೇಳಿದಳು, ನಾನು ಹಾಗೆಂದೂ ಅನ್ನುವವನಲ್ಲ ಎಂದು ಹೇಳಲು ಹೊರಟೆ. ಅದನ್ನು ನಂಬುವವರು ಆ ಕೋಣೆಯಲ್ಲಿ ಒಬ್ಬರೂ ಇಲ್ಲವೆಂದು ಮುಖಗಳನ್ನು ನೋಡಿದರೇ ತಿಳಿಯುತ್ತಿತ್ತು. ನನಗೆ ನಾಚಿಕೆಯಾಯಿತು, ಕೈಯಲ್ಲಿದ್ದ ತುತ್ತು ಎಲೆಗೆ ಮರಳಿತು.

"ಅಜ್ಜಿಯ ಧ್ವನಿ ಇಟ್ಟಿದ್ದೀಯಾ?" ಎಂದು ಹುಡುಗಿಯನ್ನು ಕೇಳಿದೆ.

"ಅದೆ ಮಾಮ. ಲಾರಿ ಸದ್ದು ಜಾಸ್ತಿ ಅದೆ" ಎಂದು ಲ್ಯಾಪ್‌ಟಾಪು ತಂದು ನನ್ನ ಎಲೆಯ ಪಕ್ಕದಲ್ಲೇ ನೆಲದ ಮೇಲಿಟ್ಟಳು.

ಅದೇ ದೃಶ್ಯ. ಲಾರಿಗಳು ಗುಡುಗುಡು ಅನ್ನುತ್ತಿದ್ದವು, ಯಾರೋ ಈರುಳ್ಳಿ ಕೂಗುತ್ತಿದ್ದ. ಆ ಗದ್ದಲದೊಳಗಿನಿಂದ ಅವ್ವ ಹಸುವನ್ನು ಕರೆದಳು, ನನ್ನನ್ನು ಚಿಕ್ಕಂದಿನಲ್ಲಿ ಹೊಲದಿಂದ ಊಟಕ್ಕೆ ಕರೆಯುತ್ತಿದ್ದಳಲ್ಲ, ಅದೇ ಎಳೆತ, ಅದೇ ಬೈಗುಳ. ಬಿಳಿ ಚುಕ್ಕೆ ಇರಲಿಲ್ಲ, ನೆರಳು ತಪ್ಪು ದಿಕ್ಕಿಗೆ ಬಿದ್ದಿತ್ತು. ಅವುಗಳ ಮೇಲೆ ನನಗೆ ಯಾವ ಸಿಟ್ಟೂ ಹುಟ್ಟಲಿಲ್ಲ.

"ಇನ್ನೊಂದು ಸಲ ಹಾಕು" ಎಂದೆ.

ಭಾವ ನನ್ನನ್ನೇ ನೋಡಿದ. ಎದ್ದು ಕೈ ತೊಳೆದು ಬಂದು, ಗಿರಣಿಯವರಿಗೆ ಫೋನು ಹಚ್ಚಿ, ಹುಡುಗಿ ಬರುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಅಕ್ಕ ಮಗಳ ತಲೆ ಸವರಿದಳು. ಹುಡುಗಿ ಅತ್ತಳು, ನಕ್ಕಳು, ಮತ್ತೆ ಅದೇ ದೃಶ್ಯ ಹಾಕಿದಳು.

ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಬಗ್ಗಿದರು. ಅವ್ವ ಮಾತ್ರ ತನ್ನ ಪಡ ನೋಡಲಿಲ್ಲ. ತನ್ನ ಒಂದೊಂದು ಮಾತು ಕೇಳಿಸಿದಾಗಲೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.