ನೂರಕ್ಕೆ ತೊಂಬತ್ತೈದು ಸರಿ

ಹುರಿದ ಶೇಂಗಾ ತಿನ್ನುವಾಗ ಒಂದೇ ಒಂದು ಮುಗ್ಗಲು ಕಾಳು ಬಾಯಿಗೆ ಸಿಕ್ಕರೆ ಸಾಕು, ಅದುವರೆಗೆ ತಿಂದ ಒಳ್ಳೆಯ ಕಾಳುಗಳ ರುಚಿಯೆಲ್ಲ ಅಳಿಸಿಹೋಗುತ್ತದೆ. ನಾಲಿಗೆಗೆ ಗೊತ್ತಿದ್ದ ಈ ಸರಳ ಸತ್ಯ ಓದುಬರಹ ಬಲ್ಲ ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ನನಗಂತೂ ನಗು ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಮಾನ್ವಿಯ ಬಿತ್ತನೆ ಶೇಂಗಾದ ಗೋದಾಮೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಚೀಲದ ಬೀಜ ಮೊಳೆಯುವುದಿಲ್ಲ ಎಂದು ನೋಡಿ ಹೇಳಲು ದಿನಗೂಲಿಯ ಇಬ್ಬರಿದ್ದರು: ಬಸಲಿಂಗಪ್ಪ ಮತ್ತು ಸಿರವಾರದ ಹುಲಿಗೆಮ್ಮ. ಒಬ್ಬರನ್ನಷ್ಟೇ ಕಾಯಂ ಮಾಡಬೇಕೆಂದಾಗ ಅವರನ್ನು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಇಬ್ಬರಿಗೂ ಅವೇ ನೂರು ಚೀಲ ತೋರಿಸಿ, ಆಮೇಲೆ ಪ್ರತಿ ಚೀಲದ ಹಿಡಿ ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಯಾರ ಮಾತು ಎಷ್ಟು ನಿಜವಾಯಿತೆಂದು ಎಣಿಸಿದೆ.

ಕೆಟ್ಟ ಚೀಲಗಳಿದ್ದದ್ದು ಐದೇ. ಬಸಲಿಂಗಪ್ಪ ಒಂದು ಕಾಳನ್ನೂ ಕಚ್ಚದೆ ಎಲ್ಲವೂ ಚಲೋ ಎಂದಿದ್ದ, ತೊಂಬತ್ತೈದು ಸರಿ. ಹುಲಿಗೆಮ್ಮ ಕಚ್ಚಿ, ಮೂಸಿ, ಹದಿನೈದು ಚೀಲ ಬೇರೆ ಇಡಿಸಿದ್ದಳು. ಕೆಟ್ಟ ಐದೂ ಅವುಗಳಲ್ಲಿದ್ದವು, ಜೊತೆಗೆ ಹತ್ತು ಒಳ್ಳೆಯವೂ ಇದ್ದವು, ತೊಂಬತ್ತು ಸರಿ. ಬಸಲಿಂಗಪ್ಪ ಕಾಯಂ ಆದ.

“ಸಾಹೇಬ್ರ, ಕೆಟ್ಟ ಚೀಲ ಹಿಡಿಯಾಕ ನಮ್ಮನ್ನ ಇಟ್ಕೊಂಡಿದ್ರಿ. ಅವ ಎಷ್ಟು ಹಿಡದಾನ್ರಿ?” ಎಂದಳು ಹುಲಿಗೆಮ್ಮ.

ಒಂದೂ ಇಲ್ಲ. ಸುಮ್ಮನೆ ಅನುಮಾನಿಸಿದ ಚೀಲ ನಾಲ್ಕು ದಿನ ಗೋದಾಮಿನಲ್ಲಿ ಕಾಯುತ್ತದೆ. ಕಣ್ಣುತಪ್ಪಿಸಿ ಹೋದ ಕೆಟ್ಟ ಚೀಲ ಯಾರದೋ ಹೊಲದ ಒಂದು ವರ್ಷವನ್ನೇ ನುಂಗುತ್ತದೆ. ಈ ಎರಡು ತಪ್ಪುಗಳನ್ನು ನಾನು ಒಂದೇ ತಕ್ಕಡಿಯಲ್ಲಿ ತೂಗಿದ್ದೆ. ಮೇಲಿನವರಿಗೆ ಹೇಳಿ ತಿದ್ದಿಸಬಹುದಿತ್ತು. ಆದರೆ ಅವರು ನನ್ನ ಎಣಿಕೆಯನ್ನು ಮೆಚ್ಚಿ ಬೆನ್ನು ತಟ್ಟಿದ್ದರು. ಆ ಹಿರಿಮೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಹುಲಿಗೆಮ್ಮ ಸಿರವಾರದಲ್ಲಿ ಕಳೆ ಕೀಳುವ ಕೂಲಿಗೆ ಹೋದಳು.

ಮರುವರ್ಷ ಕಲ್ಮಲದ ನಮ್ಮ ಹೊಲಕ್ಕೆ ಅದೇ ಗೋದಾಮಿನಿಂದ ಆರು ಚೀಲ ಒಯ್ದೆ. ಬಸಲಿಂಗಪ್ಪ ಆರನ್ನೂ ಚಲೋ ಎಂದ. ನಾನು ಗಾಡಿಯನ್ನು ಸಿರವಾರಕ್ಕೆ ತಿರುಗಿಸಿ, ನಾಚಿಕೆ ಬಿಟ್ಟು, ಹುಲಿಗೆಮ್ಮನ ಮನೆಯ ಮುಂದೆ ನಿಲ್ಲಿಸಿದೆ. ಅವಳು ಕಾಳು ಕಚ್ಚಿ ನೋಡಿ ಎರಡು ಚೀಲ ಇಳಿಸಿದಳು.

“ಮಂದಿ ಹೊಲಕ್ಕ ಅವನ ಮಾತು, ನಿಮ್ಮ ಹೊಲಕ್ಕ ನನ್ನ ಹಲ್ಲೇನ್ರಿ?”

ಮರುದಿನ ಆ ಎರಡನ್ನೂ ಗೋದಾಮಿಗೆ ಮರಳಿಸಿ ಬೇರೆ ಚೀಲ ತಂದೆ. ಮಧ್ಯಾಹ್ನದೊಳಗೆ ನಾನು ಮರಳಿಸಿದ ಆ ಎರಡು ಚೀಲಗಳೂ ಬಿತ್ತನೆಗೆಂದು ದೇವದುರ್ಗದ ಗಾಡಿ ಏರಿದವು. ಗಾಡಿಯವನಿಗೆ ಚೀಟಿ ಬರೆದುಕೊಟ್ಟವನು ನಾನೇ.